ಅವಧಿ: ಸೊನ್ನೆ

"ನೂರಾ ಹದಿನೇಳನೇ ಸಾಲನ್ನ ಮಾತ್ರ ಮುಟ್ಟಬೇಡ ಕಣೇ. ಕೈ ಮುಗಿದು ಕೇಳ್ಕೋತೀನಿ."

ಸೌಂಡಿನಕ್ಕ ನಿಜವಾಗಿಯೂ ಕೈ ಮುಗಿದಿದ್ದಳು. ಹದಿನಾಲ್ಕು ವರ್ಷಗಳಿಂದ ಆ ಗೇಮ್ ಕಂಪನಿಯಲ್ಲಿ ಆಯುಧಗಳ ಸದ್ದು ತಯಾರಿಸುತ್ತಿದ್ದವಳು. ಎಲೆಕೋಸು ಸೀಳಿ ಕುತ್ತಿಗೆ ಕತ್ತರಿಸುವ ಸದ್ದು ತೆಗೆಯುತ್ತಿದ್ದವಳು. ಅಂಥವಳ ತುಟಿ ಒಣಗಿದ್ದನ್ನು ಕಂಡು ಹೊಸಬಳಿಗೆ ನಗು ಬಂತು.

"ಅದು ಸಾಲು ಅಕ್ಕಾ, ಸರ್ಪ ಅಲ್ಲ."

ಆಟದ ಆಯುಧಗಳಿಗೆ ಗುಣ ತುಂಬುವುದು ಹೊಸಬಳ ಕೆಲಸ. ಪಟ್ಟಿಯಲ್ಲಿ ಆಯುಧಕ್ಕೊಂದು ಸಾಲು: ಏಟು ಬಿದ್ದಾಗ ಏನಾಗಬೇಕು, ಎಷ್ಟು ಸೆಕೆಂಡು ಇರಬೇಕು. ಬೆಂಕಿಯ ಕೊಡಲಿ ಐದು ಸೆಕೆಂಡು ಸುಡುತ್ತದೆ. ವಿಷದ ಬಾಣ ಹತ್ತು ಸೆಕೆಂಡು ಜೀವ ಹೀರುತ್ತದೆ. ಏಟಿಗೊಂದಿಷ್ಟು ಸವೆದು ಆಯುಧ ಕೊನೆಗೆ ಮುರಿಯುತ್ತದೆ. ಬಂದ ವಾರವೇ ಅವಳು ಹಿರಿಯರೊಂದಿಗೆ ಜಗಳವಾಡಿ ಪ್ರತಿ ಏಟಿನ ಲೆಕ್ಕದ ಕ್ರಮ ಬದಲಿಸಿದ್ದಳು. ಮೊದಲು ಸವೆತ, ಆಮೇಲೆ ಗುಣ. ಮುರಿದ ಕತ್ತಿಗೆ ಎಂಥಾ ಗುಣ ಎಂಬುದು ಅವಳ ವಾದ.

ನೂರಾ ಹದಿನೇಳು ಕರಿಗತ್ತಿ. ಶಾಪದ ಆಯುಧ. ಹೊಡೆದವನ ಕೈಯೇ ಮೂರು ಸೆಕೆಂಡು ಮರಗಟ್ಟಬೇಕು. ಹಿಡಿದರೆ ಬಿಡಲಾಗದು, ಮುರಿದರಷ್ಟೇ ಬಿಡುಗಡೆ. ಹಿಂದೆ ಹೊಸಬಳ ಕುರ್ಚಿಯಲ್ಲಿ ಕೂತಿದ್ದವನು ಎಲ್ಲಿಂದಲೋ ನಿಜವಾದ ಮಾಟದ ಮಂತ್ರವನ್ನೇ ತಂದು ಅದರ ವಿವರಣೆಯಲ್ಲಿ ಬರೆದಿಟ್ಟು ಹೋಗಿದ್ದನಂತೆ.

"ಆಡಿದವರ ಕೈ ನಿಜಕ್ಕೂ ಸಾಯುತ್ತೆ," ಅಕ್ಕ ದನಿ ತಗ್ಗಿಸಿದಳು. "ಮೂರೇ ಸೆಕೆಂಡು, ಆಮೇಲೆ ಸರಿಹೋಗುತ್ತೆ. ಅಳಿಸಿದ್ರೆ ಬೆಳಗ್ಗೆ ಮತ್ತೆ ಅಲ್ಲೇ ಇರುತ್ತೆ. ಹೇಗೋ ಹೊಂದ್ಕೊಂಡಿದ್ದೀವಿ."

"ನೀವು ಹೊಂದ್ಕೊಳ್ಳಿ. ನನ್ನ ಕೈಲಾಗಲ್ಲ."

ಅವಧಿಯ ಜಾಗದಲ್ಲಿದ್ದ ಮೂರನ್ನು ಅಳಿಸಿ ಅವಳು ಸೊನ್ನೆ ಒತ್ತಿದಳು. ಅವಳ ಹಿಂದಿನ ಕಂಪನಿಯಲ್ಲಿ, ಅವಧಿ ಸೊನ್ನೆಯಾದರೆ ಆ ಗುಣ ಕೆಲಸವನ್ನೇ ಮಾಡುತ್ತಿರಲಿಲ್ಲ.

ಪರೀಕ್ಷೆಯ ಕೋಣೆಗೆ ಕಿಟಕಿಯಿಲ್ಲ. ಮಧ್ಯಾಹ್ನದಲ್ಲೂ ಗವಿಗತ್ತಲು. ಬಿಸಿ ಪ್ಲಾಸ್ಟಿಕ್ಕಿನ, ಹಳೆಯ ಜಮಖಾನದ ವಾಸನೆ. ಅಕ್ಕ ಬಾಗಿಲಲ್ಲೇ ನಿಂತಳು. ಹೊಸಬಳು ಕಂಟ್ರೋಲರ್ ಹಿಡಿದು, ಪರದೆಯ ಮೇಲಿನ ಮರದ ಬೊಂಬೆಗೆ ಕರಿಗತ್ತಿ ಬೀಸಿದಳು.

ಒಂದೇ ಏಟು. ಬೆರಳುಗಳಿಂದ ಮಣಿಕಟ್ಟಿನವರೆಗೆ ಬಲಗೈ ಸತ್ತುಹೋಯಿತು.

ಮೂರು ಸೆಕೆಂಡು. ಹತ್ತು. ಇಪ್ಪತ್ತು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು. ಸ್ಪೀಕರಿನ ಆಳದಲ್ಲಿ ಯಾರೋ ಹಲ್ಲು ಕಚ್ಚಿಕೊಂಡು ಜಪಿಸುತ್ತಿದ್ದರು.

"ಆ ಸದ್ದು ನಾನು ಮಾಡಿದ್ದಲ್ಲ," ಎಂದಳು ಅಕ್ಕ. "ಏನು ಬದಲಾಯಿಸ್ದೆ?"

"ಅವಧಿ. ಸೊನ್ನೆ ಮಾಡ್ದೆ."

"ಅಯ್ಯೋ ಪುಣ್ಯಾತ್ಗಿತ್ತಿ! ನಮ್ಮ ಪಟ್ಟೀಲಿ ಸೊನ್ನೆ ಹಾಕಿದ್ರೆ ಅದು ಮುಗಿಯೋದೇ ಇಲ್ಲ!"

ಥಂಡಿ ಚರ್ಮದೊಳಗೆ ಇರುವೆಸಾಲಿನಂತೆ ಮೇಲೇರುತ್ತಿತ್ತು. ಮೊಣಕೈ ಹೋಯಿತು. ಬೆರಳುಗಳು ಕಂಟ್ರೋಲರನ್ನು ಬಿಡಲೊಲ್ಲವು. ಅಕ್ಕ ಓಡಿಬಂದು ಪ್ಲಗ್ ಕಿತ್ತೆಸೆದಳು. ಯಂತ್ರದ ದೀಪ ಆರಿತು. ಪರದೆ ಆರಲಿಲ್ಲ. ಕರಿಗತ್ತಿ ಅಲ್ಲಿ ಮಿನುಗುತ್ತಲೇ ಇತ್ತು.

"ಇದು ಎದೆಗೆ ಬಂದ್ರೆ...?"

ಅಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೆಣಗಿದಳು.

ಹೊಸಬಳಿಗೆ ಭಯಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾವನೋ ಬರೆದಿಟ್ಟುಹೋದ ಮಂತ್ರಕ್ಕೆ ನಾನು ಹೆಣವಾಗಬೇಕೇ? ಪರದೆಯ ಮೂಲೆ ನೋಡಿದಳು. ಕತ್ತಿಯ ಉಳಿದ ಬಾಳಿಕೆ: ಹನ್ನೆರಡು. ಕಲ್ಲಿಗೆ ಹೊಡೆದರೆ ಏಟಿಗೆ ನಾಲ್ಕು ಸವೆತ. ಮೂರು ಏಟು ಸಾಕು. ಆದರೆ ಮೊದಲ ಏಟಿನಂತೆ ಪ್ರತಿ ಏಟಿಗೂ ಥಂಡಿ ಗೇಣುದ್ದ ಜಿಗಿಯುತ್ತದೆ. ಮೂರನೆಯದು ಎದೆಗೇ.

"ಬೇಡ ಕಣೇ, ಡಾಕ್ಟರ್‌ನ ಕರೆಸ್ತೀನಿ!"

"ಡಾಕ್ಟರು ಕತ್ತಿ ಮುರೀತಾರಾ ಅಕ್ಕಾ?"

ಎಡಗೈಯಿಂದ ಗುಂಡಿ ಒತ್ತಿದಳು. ಪರದೆಯಲ್ಲಿ ಕತ್ತಿ ಕೋಟೆಯ ಕಲ್ಲುಗೋಡೆಗೆ ಬಡಿಯಿತು. ತೋಳು ಸತ್ತಿತು.

ಜಪ ಜೋರಾಯಿತು.

ಎರಡನೇ ಏಟು. ಭುಜ ಹೋಯಿತು. ಉಸಿರು ಮಂಜಾಯಿತು. ಕಿವಿಯೊಳಗೆ ಗಂಡಸಿನ ದನಿ: ನಿಲ್ಲಿಸು.

"ನಿಲ್ಲಿಸ್ಬೇಕಾ? ಹೆದರಿದ್ಯಾ?" ಎಂದು ಹೊಸಬಳು ಆ ದನಿಗೇ ಕೇಳಿದಳು.

ಮೊದಲು ಸವೆತ. ಆಮೇಲೆ ಗುಣ. ಜಗಳವಾಡಿ ಗೆದ್ದ ಕ್ರಮ. ಕಣ್ಣು ಮುಚ್ಚಲಿಲ್ಲ. ಒತ್ತಿದಳು.

ಕತ್ತಿ ಮುರಿಯಿತು. ಜಪ ಅರ್ಧಕ್ಕೇ ತುಂಡಾಯಿತು. ಥಂಡಿ ಭುಜದಂಚಿನಲ್ಲಿ ಗಕ್ಕನೆ ನಿಂತಿತು. ಬೆರಳು ಸಡಿಲಿ ಕಂಟ್ರೋಲರ್ ನೆಲಕ್ಕೆ ಬಿತ್ತು. ಅಕ್ಕ ಅವಳನ್ನು ತಬ್ಬಿಕೊಂಡು ಅತ್ತಳು.

ಬಲಗೈ ಮರಳಲಿಲ್ಲ. ಡಾಕ್ಟರು ನರದ ತೊಂದರೆ ಎಂದರು. ಅವ್ವ ಕೆಲಸ ಬಿಟ್ಟುಬಾ ಎಂದಳು. ಅವಳು ಜೋತಾಡುವ ಕೈಯನ್ನು ಜೋಳಿಗೆಯಂತೆ ಕೊರಳಿಗೆ ಕಟ್ಟಿಕೊಂಡು ಅದೇ ಕುರ್ಚಿಗೆ ಮರಳಿದಳು.

ನೂರಾ ಹದಿನೇಳನೇ ಸಾಲು ಮತ್ತೆ ಬಂದಿತ್ತು. ಅಳಿಸಿದಳು. ಮರುದಿನವೂ ಬಂತು, ಮರುದಿನವೂ ಅಳಿಸಿದಳು. ಈಗಲೂ ದಿನಾ ಬೆಳಗ್ಗೆ, ಕಾಫಿಗೂ ಮೊದಲು, ಎಡಗೈಯಿಂದ ಅದೊಂದು ಕೆಲಸ.

"ಇನ್ನೂ ಎಷ್ಟು ದಿನ ಹೀಗೆ?" ಅಕ್ಕ ಒಮ್ಮೆ ಕೇಳಿದಳು.

"ನೋಡೋಣ ಅಕ್ಕಾ," ಎಂದು ಅವಳು ಸಾಲನ್ನು ಅಳಿಸಿದಳು. "ಯಾರ ಅವಧಿ ಮೊದಲು ಮುಗಿಯುತ್ತೋ."