ಚಾಸಿಯೊಳಗಿನ ಕೆಂಪು ಎಳೆ

"ಎಲ್ಲಾ ನೋಡ್ಕೋ ಮಗಾ. ಬಾನೆಟ್ ಎತ್ತು, ಅಡಿಗೆ ತೂರು, ಬೇಕಿದ್ರೆ ಗುಡ್ಡ ಹತ್ತಿಸಿ ನೋಡು. ಆದ್ರೆ ಈ ಜೀಪಿನ ಅಡಿ ಚಾಸಿಯ ತೂತಿಗೆ ಮೇಣ ಮೆತ್ತಿದೆಯಲ್ಲ, ಅದನ್ನ ಮಾತ್ರ ಕೀಳಬೇಡ," ಎಂದಳು ಮಿಂಕಾ ಅಜ್ಜಿ.

ಸ್ತಮೆನ್ ನಕ್ಕುಬಿಟ್ಟ. ಪ್ಲೋವ್‌ದಿವ್ ನಗರದ ಬಸ್ ಡಿಪೋದಲ್ಲಿ ವರ್ಷಗಟ್ಟಲೆ ಸ್ಪ್ಯಾನರ್ ಹಿಡಿದವನು ಅವನು. ಮಾರುವವರು ಎಲ್ಲಿ ಮುಟ್ಟಬೇಡ ಅನ್ನುತ್ತಾರೋ ಅಲ್ಲೇ ತುಕ್ಕು ಹಿಡಿದಿರುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಅಲ್ಲೇನಿದೆ ಅಜ್ಜಿ? ನಿನ್ನ ಗಂಡ ಚಿನ್ನಗಿನ್ನ ಬಚ್ಚಿಟ್ಟಿದ್ದಾನಾ?"

ಅಜ್ಜಿ ನಗಲಿಲ್ಲ. ಕಪ್ಪು ತಲೆವಸ್ತ್ರದ ತುದಿಯನ್ನು ಬಾಯಿಗೊತ್ತಿಕೊಂಡು, ನೆಲಕ್ಕೆ ಥೂ ಥೂ ಎಂದು ಉಗಿದು, ಕಾಫಿ ಕಾಸಲು ಒಳಗೆ ಹೋದಳು.

ಬೆಟ್ಟದ ಆ ಊರಿಗೆ ಮೊದಲ ಹಿಮ ಬಿದ್ದಾಗಿತ್ತು. ಇನ್ನೊಂದು ಸಲ ಜೋರಾಗಿ ಬಿದ್ದರೆ ಕೆಳಗಿನ ಆಸ್ಪತ್ರೆಗೆ ದಾರಿ ಮುಚ್ಚಿದಂತೆಯೇ. ಎರಡು ಚಳಿಗಾಲದ ಹಿಂದೆ, ಇವರು ಈ ಊರಿಗೆ ಬಂದ ಹೊಸತರಲ್ಲಿ, ಸ್ತಮೆನ್‌ನ ಪುಟ್ಟ ಕಾರು ಇದೇ ಇಳಿಜಾರಿನಲ್ಲಿ ಹೂತುಹೋಗಿ, ಹೆಂಡತಿ ನೆವೆನಾ ಹಿಂದಿನ ಸೀಟಿನಲ್ಲೇ ಹೆತ್ತಿದ್ದಳು. ಆ ಮಗು ಅಳಲೇ ಇಲ್ಲ. ಈಗ ಅವಳಿಗೆ ಮತ್ತೆ ತುಂಬು ತಿಂಗಳು. ಸುತ್ತಮುತ್ತ ಎಲ್ಲಿ ಹುಡುಕಿದರೂ ಮಾರಾಟಕ್ಕಿದ್ದ ಫೋರ್-ವೀಲ್ ಜೀಪು ಇದೊಂದೇ, ಮಿಂಕಾ ಅಜ್ಜಿಯ ತೀರಿಕೊಂಡ ಗಂಡ, ಗಾರೆ ಮೇಸ್ತ್ರಿ ಯಾನ್ಕೋನದು. ಇದೂ ಕೈತಪ್ಪಿದರೆ ಈ ಚಳಿಗಾಲಕ್ಕೆ ಬೇರೆ ದಾರಿಯಿರಲಿಲ್ಲ.

ನೆವೆನಾ ಅಂಗಳದ ಬಿಸಿಲಲ್ಲಿ ನಿಂತು ಮಗುವಿಗೆ ಕೆಂಪು ಕಾಲುಚೀಲ ಹೆಣೆಯುತ್ತಿದ್ದಳು. "ನಾನೂ ಓಡ್ಸೋದು ಕಲೀಲಾ ಸ್ತಮೆನ್?"

"ಓಡ್ಸೋಕೆ ನಾನಿದ್ದೀನಲ್ಲ. ನೀನು ಹೆತ್ತುಕೊಡು, ಅಷ್ಟು ಸಾಕು!"

ಅವನು ಬಾನೆಟ್ ಎತ್ತಿದ. ಆಯಿಲ್ ಮುಟ್ಟಿ ಮೂಸಿದ, ಬೆಲ್ಟು ಜಗ್ಗಿದ, ಗೇರು ಹಾಕಿ ತೆಗೆದ. ತಿಂಗಳುಗಟ್ಟಲೆ ನಿಂತಿದ್ದ ಗಾಡಿ, ಕೀಲಿ ತಿರುಗಿಸಿದ ಕೂಡಲೇ ಗುರ್ರೆಂದಿತು. ಇಷ್ಟು ಚೆನ್ನಾಗಿರುವುದೇ ಅನುಮಾನ! ಎಂಜಿನ್ ಓಡುತ್ತಿರುವಂತೆಯೇ ಕೆಳಗೆ ತೂರಿದ. ಸುಟ್ಟ ಡೀಸೆಲ್ ವಾಸನೆಯ ಜೊತೆಗೆ ಅಲ್ಲಿ ಇನ್ನೊಂದು ವಾಸನೆಯಿತ್ತು. ಹಸಿ ಸುಣ್ಣದ್ದು, ಆಗಷ್ಟೇ ಕಟ್ಟಿದ ಗೋಡೆಯದು. ಗಾಡಿಯನ್ನೇ ಹೊತ್ತ ಚಾಸಿಯ ಉದ್ದದ ಕಬ್ಬಿಣದ ಪಟ್ಟಿಯಲ್ಲಿ ಹೆಬ್ಬೆರಳಗಲದ ತೂತು, ಅದಕ್ಕೆ ಕಪ್ಪುಗಟ್ಟಿದ ಮೇಣ. ತುಕ್ಕು ಮುಚ್ಚಿಟ್ಟ ಜಾಗವೇ ಸರಿ ಎಂದುಕೊಂಡು ಸ್ಕ್ರೂಡ್ರೈವರ್ ಚುಚ್ಚಿ ಕಿತ್ತ.

ಮೇಣದ ಹಿಂದೆಯೇ ಒಂದು ಕೆಂಪು ದಾರ ಇಳಿಬಿತ್ತು. ಕೊಳೆತು ಲಡ್ಡು ಹಿಡಿದದ್ದು. ಎಳೆಯುತ್ತಿದ್ದಂತೆ ಅವನ ಬೆರಳಲ್ಲೇ ಪುಡಿಯಾಯಿತು.

ಎಂಜಿನ್ ನಿಂತುಹೋಯಿತು.

ಎಷ್ಟು ಸಲ ಕೀಲಿ ತಿರುಗಿಸಿದರೂ ಚಕಾರವಿಲ್ಲ. "ಥತ್, ಇದರ!" ಎಂದು ಬೈದುಕೊಂಡ. ಎಂಜಿನ್ ರಿಪೇರಿ ತನ್ನ ಕೈಯಲ್ಲೇ ಇದೆ, ಚಾಸಿ ಸೊಟ್ಟಗಾಗಿಲ್ಲದಿದ್ದರೆ ಸಾಕು ಎಂದು ಸಮಾಧಾನ ಮಾಡಿಕೊಂಡ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಳೆದರೆ ಅದು ಗೊತ್ತಾಗುತ್ತದೆ. ಟೇಪು ಮನೆಯಲ್ಲೇ ಉಳಿದಿತ್ತು.

"ಆ ಉಣ್ಣೆ ಕೊಡು. ಮುಂದಿನ ಚಕ್ರದ ಹತ್ರ ನಿಂತು ತುದೀನ ಕಾಲಲ್ಲಿ ಒತ್ತಿ ಹಿಡ್ಕೋ."

ನೆವೆನಾ ನಿಂತಳು. ಬೆನ್ನ ಹಿಂದೆ ಇಳಿಬಿಸಿಲು. ತೆಳು ಹಿಮದ ಮೇಲೆ ಅವಳ ನೆರಳು, ತುಂಬಿದ ಹೊಟ್ಟೆಯ ಸಮೇತ, ಗಾಡಿಯುದ್ದಕ್ಕೂ ಚಾಚಿತ್ತು. ಸ್ತಮೆನ್ ಎಳೆಯನ್ನು ಬಿಗಿಯಾಗಿ ಹಿಡಿದು ಹಿಂದಿನ ಚಕ್ರದವರೆಗೆ ಬಂದು ಅಲ್ಲಿಗೇ ಕತ್ತರಿಸಿದ. ನೆರಳಿನ ನೆತ್ತಿಯೂ ಸರಿಯಾಗಿ ಅಲ್ಲಿಗೇ ಮುಗಿದಿತ್ತು. ಅದನ್ನವನು ಗಮನಿಸಲಿಲ್ಲ. ಬೆಟ್ಟದವರ್ಯಾರೂ ಬಿಸಿಲಲ್ಲಿ ನಿಂತ ಮನುಷ್ಯರ ಹತ್ತಿರ ದಾರ ಹಿಡಿಯುವುದಿಲ್ಲವೆಂದು ಇವನಿಗೆ ಹೇಳಿದವರೂ ಇರಲಿಲ್ಲ. ಹೇಳಿದ್ದರೆ ಕೇಳುತ್ತಿದ್ದನೇ, ಅದು ಬೇರೆ ಮಾತು. ಇನ್ನೊಂದು ಪಕ್ಕಕ್ಕೂ ಅದೇ ಎಳೆ ಹಿಡಿದು ನೋಡಿದ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಕಾಫಿ ತಂದ ಅಜ್ಜಿ ನೆಲದ ಮೇಲಿನ ಮೇಣ ಕಂಡು ಅಲ್ಲೇ ನಿಂತಳು. "ಕಿತ್ತೆಯಾ? ಅಯ್ಯೋ, ಕಿತ್ತೇಬಿಟ್ಟೆಯಾ?"

"ಒಂದು ಲಡ್ಡು ದಾರಕ್ಕೆ ಇಷ್ಟು ಗೋಳಾ ಅಜ್ಜಿ? ತಗೋ, ಹಳೇದಕ್ಕೆ ಹೊಸದು!" ನಗುತ್ತ ಬಗ್ಗಿ, ಕೈಯಲ್ಲಿದ್ದ ಎಳೆಯನ್ನು ತೂತಿಗೆ ತುರುಕಿದ.

ಅದು ಜಾರಿತು. ಅವನು ತಳ್ಳಿದ್ದಕ್ಕಿಂತ ವೇಗವಾಗಿ, ಒಳಗಿನಿಂದ ಯಾರೋ ಎಳೆದುಕೊಂಡ ಹಾಗೆ. ಕೀಲಿ ಅವನ ಜೇಬಿನಲ್ಲಿತ್ತು. ಎಂಜಿನ್ ತಾನೇ ಗುರ್ರೆಂದಿತು.

ಹಿಂದಿನಿಂದ ನೆವೆನಾಳ ಸಣ್ಣ ದನಿ. "ಸ್ತಮೆನ್... ಮಗು ಅಲುಗ್ತಿಲ್ಲ."

ಅವಳ ತುಟಿ ನೀಲಿಗಟ್ಟಿತ್ತು. ಕಾಲಡಿಯ ನೆರಳು ನೀರು ಬೆರೆಸಿದ ಮಸಿಯಂತೆ ತೆಳುವಾಗುತ್ತಿತ್ತು. ಸ್ತಮೆನ್ ಅವಳನ್ನು ಎತ್ತಿ ಜೀಪಿನ ಸೀಟಿನಲ್ಲಿ ಕೂರಿಸಿದ. ಹಿಮಗಡ್ಡೆ ಹೊತ್ತಂತೆ ಕೈ ಕೊರೆಯಿತು.

"ಯಾರ ನೆರಳ ಮೇಲೆ ಹಿಡಿದಿದ್ದೆ ಆ ದಾರಾನ?" ಅಜ್ಜಿ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದಳು. ಅವನ ಮುಖ ನೋಡಿಯೇ ಅವಳಿಗೆ ಉತ್ತರ ಸಿಕ್ಕಿತು. "ನಮ್ಮ ಮೇಸ್ತ್ರಿಗಳು ಸೇತುವೆ ನಿಲ್ಲಲಿ ಅಂತ ದಾರೀಲಿ ಹೋಗೋರ ನೆರಳು ಅಳೆದು, ಆ ದಾರ ಗೋಡೆಗಿಟ್ಟು ಕಟ್ತಿದ್ರು. ಸೇತುವೆ ನಿಲ್ತಿತ್ತು, ಆ ಮನುಷ್ಯ ಸೊರಗಿ ಸಾಯ್ತಿದ್ದ. ಈ ಗಾಡಿ ಮತ್ತೆ ಮತ್ತೆ ಕಮರಿಗೆ ಜಾರ್ತಿತ್ತು. ಯಾನ್ಕೋ ಸ್ವಂತ ತಮ್ಮ ರಂಗೆಲ್‌ನ ನೆರಳು ಅಳೆದ. ಆಮೇಲೆ ಎಂಥ ಹಿಮದಲ್ಲೂ ಇದು ನಿಂತಿದ್ದಿಲ್ಲ. ರಂಗೆಲ್ ವಸಂತ ಕಾಣಲಿಲ್ಲ. ಇವಳದು ಎರಡು ಜೀವದ ನೆರಳು, ಇನ್ನೂ ಬೇಗ ಬತ್ತತ್ತೆ. ದಾರದ ಇನ್ನೊಂದು ತುದಿ ಹಿಡಿದಿದ್ದೋಳು ನಾನೇ ಕಣೋ!"

"ನಾನು ಈಗಲೇ ತೆಗೀತೀನಿ."

"ಬರೀ ಕಿತ್ತರೆ ಜೀವಾನೂ ಅದರ ಜೊತೆ ಬರತ್ತೆ! ರಂಗೆಲ್ ಆಗಲೇ ಸತ್ತಿದ್ದ, ಅದಕ್ಕೆ ನೀನು ಕಿತ್ತಾಗ ಬರೀ ಗಾಡಿ ನಿಂತಿತು. ಒಳಗೆ ಹೋಗಿರೋದು ಈಚೆ ಬರಬೇಕಂದ್ರೆ ಇನ್ನೊಬ್ಬರ ಅಳತೆ ಹೋಗಬೇಕು. ಅದೂ ಬಿಸಿಲಿರುವಾಗ."

ಸ್ತಮೆನ್ ತಲೆಯೆತ್ತಿದ. ಸೂರ್ಯ ಬೆಟ್ಟದ ನೆತ್ತಿಗೆ ತಾಗಿದ್ದ. ಅಂಗಳದ ಆಚೆ ಬದಿ ಆಗಲೇ ಮಬ್ಬು. ಮಬ್ಬು ಜೀಪಿನತ್ತ ತೆವಳುತ್ತಿತ್ತು. ನೆವೆನಾಳ ತಲೆ ವಾಲಿತ್ತು.

"ನನ್ನ ನೆರಳು ಅಳೆ ಅಜ್ಜಿ."

"ಬೇಡಪ್ಪಾ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

"ಅಳೆ ಅಂದ್ನಲ್ಲ! ನಿನ್ನ ಕಾಲಿಗೆ ಬೀಳ್ತೀನಿ, ಅಳೆ!"

ಅವನು ಬಿಸಿಲಿಗೆ ಓಡಿ ನಿಂತ. ಅಜ್ಜಿ ಅಳುತ್ತಲೇ ಮಂಡಿಯೂರಿದಳು. ಹಿಮ್ಮಡಿಗೆ ದಾರದ ತುದಿ. ನೆವೆನಾಳ ಉಣ್ಣೆಯ ಉಂಡೆ ಉರುಳಿತು. ಮಬ್ಬು ಹಿಂದಿನಿಂದ ಅವನ ಕಾಲ ಹತ್ತಿರ ಬಂತು. ಬೇಗ. ಬೇಗ ಅಜ್ಜಿ! ಅವಳು ಹಲ್ಲಲ್ಲೇ ದಾರ ಕಚ್ಚಿ ತುಂಡರಿಸಿದಳು. ಅವನು ಕೆಳಗೆ ತೂರಿದ. ಸುಣ್ಣದ ವಾಸನೆಗೆ ಉಸಿರು ಕಟ್ಟಿತು. ತೂತು ಸಿಗಲಿಲ್ಲ. ಸಿಕ್ಕಿತು. ತುರುಕಿದ. ಒಳಗಿನದು ಎಳೆದುಕೊಂಡಿತು. ಎದೆಯಿಂದಲೂ ಏನನ್ನೋ ಎಳೆದುಕೊಂಡಿತು. ಮರುಕ್ಷಣ ನೆವೆನಾಳ ಎಳೆ ಅವನ ಅಂಗೈಗೆ ಬಿತ್ತು. ಒದ್ದೆಯಾಗಿತ್ತು. ಬೆಚ್ಚಗಿತ್ತು.

ಮೇಲೆ ಅವಳು ದೀರ್ಘವಾಗಿ ಉಸಿರೆಳೆದದ್ದು ಕೇಳಿಸಿತು. "ಅಯ್ಯಪ್ಪಾ... ಒದೀತು! ಸ್ತಮೆನ್, ಒದೀತು! ಆದ್ರೆ ನೋವು ಶುರುವಾಗಿದೆ, ಹೊರಡೋಣ!"

ಅಜ್ಜಿ ಬೆಲೆಯ ಮಾತೆತ್ತಲಿಲ್ಲ, ಅವನೂ ಕೇಳಲಿಲ್ಲ. ಜೀಪು ಹಿಮದ ಇಳಿಜಾರನ್ನು ಒಮ್ಮೆಯೂ ಜಾರದೆ ಇಳಿಯಿತು. ಹೋದ ಸಲ ಕಾರು ಹೂತಿದ್ದ ತಿರುವನ್ನೂ ಸಲೀಸಾಗಿ ದಾಟಿತು. ಅದರಾಚೆ ಕಣಿವೆ ತೆರೆದುಕೊಂಡು, ಬೆಟ್ಟದ ಸಂದಿನಿಂದ ಮತ್ತೆ ಬಿಸಿಲು ಹೊಡೆಯಿತು. ರಸ್ತೆ ಬದಿಯ ಹಿಮದ ಮೇಲೆ ಜೀಪಿನ ನೆರಳು ಜೊತೆಯಲ್ಲೇ ಓಡತೊಡಗಿತು. ಸ್ತಮೆನ್ ಅತ್ತ ನೋಡಿದ. ಕಿಟಕಿಯಲ್ಲಿ ನೆವೆನಾಳ ತಲೆಯಿತ್ತು. ಸ್ಟಿಯರಿಂಗಿನ ಹಿಂದೆ ಯಾರೂ ಇರಲಿಲ್ಲ.

ಅವನು ಮುಖವನ್ನು ರಸ್ತೆಗೆ ತಿರುಗಿಸಿದ.

"ಹೊರಗೇನು ನೋಡ್ತಿದ್ದೆ? ಗಾಡಿ ಚೆನ್ನಾಗಿಲ್ವಾ?" ನೋವಿನ ನಡುವೆಯೂ ಅವಳು ನಕ್ಕಳು.

"ಚೆನ್ನಾಗಿದೆ. ಇದು ಇನ್ನು ಎಲ್ಲೂ ನಿಲ್ಲಲ್ಲ," ಎಂದ ಸ್ತಮೆನ್. ಅವಳ ಕೈಯನ್ನು ಎಳೆದು ಗೇರಿನ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟ. "ಇಲ್ನೋಡು, ಇದು ಎರಡನೇ ಗೇರು. ಇಳಿಜಾರಲ್ಲಿ ಯಾವಾಗಲೂ ಇದರಲ್ಲೇ ಇಳಿಸಬೇಕು. ನೀನು ಓಡ್ಸೋದು ಕಲೀಬೇಕು ನೆವೆನಾ. ಬೇಗ ಕಲೀಬೇಕು."