ಒಂದೇ ಎಮ್ಮೆಯ ಗ್ಯಾಸು

"ಕೈ ಹಾಕಬ್ಯಾಡ್ರೀ!"

ನಾನು ಚೀರುವಷ್ಟರಲ್ಲಿ ಅವನ ಬಲಗೈ ಮೊಣಕೈತನಕ ನಮ್ಮ ಗೋಬರ್ ಗ್ಯಾಸಿನ ಗುಂಡಿಯೊಳಗೆ ಇಳಿದುಬಿಟ್ಟಿತ್ತು. ಮೊರದಲ್ಲಿದ್ದ ಅಕ್ಕಿ ಹಿತ್ತಲ ತುಂಬ ಚೆಲ್ಲಿತು.

ಅವನು ತಲೆಯೆತ್ತಿ ನೋಡಿದ. ಮೊದಲು ನನ್ನ ಮುಖ, ಆಮೇಲೆ ಚೆಲ್ಲಿದ ಅಕ್ಕಿ, ಮತ್ತೆ ನನ್ನ ಮುಖ. ಮೀಸೆಯ ಒಂದು ಬದಿಯಲ್ಲಷ್ಟೇ ನಕ್ಕ.

"ಯಾಕ್ರೀ, ಸಗಣಿ ಅಲ್ಲೇನಿದು? ಕುರಿ ದೊಡ್ಡ್ಯಾಗ ಬೆಳೆದಾಂವ ನಾ. ಸಗಣಿಗೆ ಹೆದರಿದ್ರ ನಮ್ಮವ್ವ ಮನಿಗೆ ಸೇರಸ್ತಾಳೇನು?"

ನಾನು ಬಗ್ಗಿ ಅಕ್ಕಿ ಬಾಚತೊಡಗಿದೆ.

ಅದು ಎಂಬತ್ತೆಂಟನೇ ಇಸವಿ, ಬಳಗಾನೂರಿನ ನಮ್ಮ ಹಿತ್ತಲು. ಅವನ ಹೆಸರು ಮಾಳಿಂಗಪ್ಪ. ಗುರುಗುಂಟಾದವನು, ಸಿಂಧನೂರಿನಲ್ಲಿ ದಾವಲ್‌ಸಾಬ್‌ರ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸ. ಗುಂಡಿಯ ಮೇಲೆ ಬೋರಲು ಕೂತು ಗ್ಯಾಸು ಹಿಡಿಯುವ ಕಬ್ಬಿಣದ ಡ್ರಮ್ಮು ಒಂದು ಕಡೆ ವಾಲಿ ಸಿಕ್ಕಿಕೊಂಡಿತ್ತು, ಒಲೆ ಹತ್ತುತ್ತಿರಲಿಲ್ಲ. ಅಪ್ಪ ಹೇಳಿ ಕಳಿಸಿದ್ದಕ್ಕೆ ಬಂದಿದ್ದ.

ಡ್ರಮ್ಮು ನೆಟ್ಟಗಾಯಿತು. ನಾನು ಕೆಂಪು ಸಾಬೂನು ತಂದು, ಕೊಡದಿಂದ ನೀರು ಸುರಿದೆ.

"ಇನ್ನೊಮ್ಮೆ ತೊಳೀರಿ."

"ತೊಳದ್ನೆಲ್ರೀ?"

"ಇನ್ನೊಮ್ಮೆ."

"ಚರ್ಮ ಹೋಕ್ಕೈತ್ರೀ!"

"ಹೋಗ್ಲಿ. ತೊಳೀರಿ."

ಅವನು ಕೈ ಉಜ್ಜುತ್ತ ಉಜ್ಜುತ್ತ ರೆಪ್ಪೆಯಡಿಯಿಂದ ನನ್ನನ್ನೇ ನೋಡುತ್ತಿದ್ದ. ನಾನು ಸಿಟ್ಟಿನಿಂದ ನೋಡಿದರೆ ಕಣ್ಣು ಕೆಳಗೆ, ಬೇರೆ ಕಡೆ ನೋಡಿದರೆ ಕಣ್ಣು ಮೇಲೆ. ಮುಂಗೈಮೇಲಿನ ಕೂದಲಲ್ಲಿ ನೀರಿನ ಹನಿಗಳು ನಿಂತಿದ್ದವು. ಕೊಡ ಖಾಲಿಯಾಯಿತು. ನಾನು ಓಡಿಹೋಗಿ ಇನ್ನೊಂದು ತಂದೆ.

ಬಂದ ಕೆಲಸಗಾರನ ಕೈ ಹೊಲಸಾದೀತೆಂದು ಹಿಂಗೆ ಜೀವ ಬಿಡುವ ಹುಡುಗಿಯನ್ನು ಅವನು ಎಲ್ಲೂ ಕಂಡಿರಲಿಲ್ಲವಂತೆ. ಪಾಪ, ನಿಜ ಗೊತ್ತಿದ್ದರೆ ಅಲ್ಲೇ ಮೂರ್ಛೆ ಹೋಗುತ್ತಿದ್ದ.

ನಿಜವೇನೆಂದರೆ, ಆ ಗುಂಡಿಗೆ ಎರಡು ಪೈಪುಗಳಿದ್ದವು. ಕಣ್ಣಿಗೆ ಕಾಣುವುದು ಸಗಣಿಯದು. ಮಣ್ಣಿನಡಿಯದು ನಮ್ಮ ಪಾಯಖಾನೆಯದು.

ಇದರಲ್ಲಿ ನಾಚಿಕೆ ಏನಿದೆ ಎಂದು ನಾನು ಈಗಲೂ ಕೇಳುತ್ತೇನೆ. ಕಾಲುವೆ ನೀರು ಬಂದು ಊರ ಬಾಗಿಲತನಕ ಭತ್ತದ ಗದ್ದೆಯಾದಮೇಲೆ ಹೆಣ್ಣುಮಕ್ಕಳಿಗೆ ಬಯಲಕಡೆಗೆ ಹೋಗಲು ಒಂದು ಮರೆ ಉಳಿಯಲಿಲ್ಲ. ಜಾಲಿಮರ ಹೋದವು, ಒಲೆಗೆ ಕಟ್ಟಿಗೆಯೂ ಇಲ್ಲ. ಹಸಿ ಕಟ್ಟಿಗೆ ಊದಿ ಊದಿ ಅವ್ವನ ಕಣ್ಣು ಮಂಜಾಗುತ್ತ ಬಂದವು. ಅಪ್ಪ ಗೋಬರ್ ಗ್ಯಾಸು ಕಟ್ಟಿಸಿದ, ಆದರೆ ಟ್ರ್ಯಾಕ್ಟರ್ ಬಂತೆಂದು ಎತ್ತು ಮಾರಿದ ಮೇಲೆ ಉಳಿದದ್ದು ಒಂದೇ ಎಮ್ಮೆ. ಅದರ ಸಗಣಿಗೆ ಚಹಾ ಕುದಿದರೆ ದೊಡ್ಡದು. ಲಿಂಗಸುಗೂರಿಗೆ ಹೆಣ್ಣುಮಕ್ಕಳ ತರಬೇತಿಗೆ ಹೋದಾಗ ನಾನು ಈ ಎರಡನೇ ಪೈಪಿನ ವಿಷಯ ಕೇಳಿ ಬಂದೆ. ಬೆನ್ನು ಹತ್ತಿ ಅಪ್ಪನಿಂದ ಪಾಯಖಾನೆಯನ್ನೂ ಪೈಪನ್ನೂ ಮಾಡಿಸಿದೆ. ಒಲೆ ಎರಡು ಹೊತ್ತೂ ನೀಲಿಯಾಗಿ ಉರಿಯಿತು. ಗುಂಡಿಯಿಂದ ಹೊರಬಂದ ರಾಡಿ ಗದ್ದೆಗೆ ಹೋಯಿತು, ಗೊಬ್ಬರದ ಚೀಲ ತರುವುದು ಅರ್ಧಕ್ಕರ್ಧ ತಪ್ಪಿತು.

"ಹೊರಗ ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ನಾಲಗಿ ಕೀಳ್ತೀನಿ ಕನಕಾ," ಎಂದಿದ್ದಳು ಅವ್ವ. "ಈ ಮನಿ ನೀರು ಸೈತ ಯಾರೂ ಕುಡಿಯಂಗಿಲ್ಲ ಆಮ್ಯಾಲ."

ಅವನು ಮತ್ತೆ ಬಂದ. ನಳ ಸಡಿಲಾಗಿದೆಯೇ ನೋಡಬೇಕಂತೆ. ಆಮೇಲೆ ಡ್ರಮ್ಮಿಗೆ ಬಣ್ಣ ಬಳಿಯಬೇಕಂತೆ. ಬಣ್ಣ ಬಳಿಯುವವನು ಡ್ರಮ್ಮು ಬಿಟ್ಟು ಅಡುಗೆಮನೆಯ ಕಿಟಕಿ ನೋಡಿದರೆ ಬಣ್ಣ ಎಲ್ಲಿ ಹತ್ತೀತು? ಅವನ ಅಂಗಿಗೇ ಹತ್ತಿತು. ನಾನು ನಕ್ಕೆ. ಆ ನಗುವಿನಲ್ಲೇ ಕೆಟ್ಟೆ. ಅವತ್ತಿನಿಂದ ಸಿಂಧನೂರಿನ ಬಸ್ಸಿನ ಹಾರ್ನು ಕೇಳಿದರೆ ಸಾಕು, ಕೈಯಲ್ಲಿನ ಕೆಲಸ ನಿಂತುಬಿಡುತ್ತಿತ್ತು.

ನಿಜ ಹೇಳಿಬಿಡಬೇಕೆಂದು ಒಮ್ಮೆ ಒಲೆಯ ಬರ್ನರ್ ನೆಪ ಮಾಡಿಕೊಂಡು ನಾನೇ ಸಿಂಧನೂರಿಗೆ ಹೋದೆ. ಅವನು ಕಪ್ಪು ಕನ್ನಡಕ ಹಣೆಗೇರಿಸಿ ಹೊರಗೆ ಬಂದ.

"ನಿಮ್ಮ ಮುಂದ ಒಂದು ಮಾತು ಹೇಳೋದೈತ್ರಿ," ಎಂದೆ.

"ಮೊದ್ಲ ನಂದ ಕೇಳ್ರಿ. ಮುಂದಿನ ಸೋಮವಾರ ನಮ್ಮವ್ವ ನಿಮ್ಮನ್ನ ನೋಡಾಕ ಬರಾಕತ್ತಾಳ."

ಹೇಳಬೇಕಾದ ಮಾತು ಹೊಟ್ಟೆಯಲ್ಲೇ ಉಳಿಯಿತು. ಹೇಳಿದರೆ ಇವನು ಹೋಗುತ್ತಾನೆ ಎಂಬುದೊಂದೇ ತಲೆಯಲ್ಲಿ. ಅವನಿಲ್ಲದೆ ನನಗೆ ಆಗುವುದಿಲ್ಲ ಎಂಬುದು ಆ ಬಿಸಿಲಲ್ಲಿ, ಆ ಅಂಗಡಿಯ ಮುಂದೆ ನನಗೆ ಗೊತ್ತಾಯಿತು.

ಸೋಮವಾರ ಬಂದರು. ಅವನು, ಅವನ ತಾಯಿ ಗದ್ದೆಮ್ಮ, ಸೋದರಮಾವ ಸೂಗಪ್ಪ. ಅವ್ವ ಮಂಡಕ್ಕಿ ಒಗ್ಗರಣೆ ಮಾಡಿದಳು, ನಾನು ಮಿರ್ಚಿ ಭಜಿ ಕರಿದೆ. ಗದ್ದೆಮ್ಮ ತಿನ್ನುತ್ತಲೇ ಎದ್ದು ಅಡುಗೆಮನೆಗೆ ಬಂದಳು.

"ಅಯ್ಯ, ಹೊಗೀನ ಇಲ್ಲಲ್ಲ ತಂಗಿ! ನನ್ನ ಕಣ್ಣ ನೋಡು, ಒಲಿ ಊದಿ ಹೆಂಗ ಕೆಂಪ ಆಗ್ಯಾವು."

ಬಗ್ಗಿ ನೀಲಿ ಉರಿಯನ್ನು ನೋಡಿದಳು. ಕಿಟಕಿಯಿಂದ ಕೊಟ್ಟಿಗೆ ನೋಡಿದಳು.

"ಎಮ್ಮಿ ಎಷ್ಟ ಅದಾವು?"

"ಒಂದ ಐತ್ರಿ ಅತ್ತಿ."

ಅವಳು ಹುಟ್ಟಿದಾಗಿನಿಂದ ಸಗಣಿ, ಹಿಕ್ಕೆ ಬಾಚಿದವಳು. ಮತ್ತೆ ಒಲೆ ನೋಡಿದಳು, ಮತ್ತೆ ಎಮ್ಮೆ ನೋಡಿದಳು. "ಒಂದ ಎಮ್ಮಿಗೆ ಇಷ್ಟು ಉರಿ ಹೆಂಗ ಬರ್ತೈತಿ? ಯಾಕವ್ವ, ಅದು ಎಮ್ಮಿನೋ ಆನಿನೋ?"

ಹೊರಗೆ ಕೂತವರೆಲ್ಲ ನಕ್ಕರು. ಅವ್ವನ ಮುಖ ಬಿಳಿಚಿತು. "ಓಣಿ ಮಂದಿ ಸಗಣಿ ಕೊಡ್ತಾರ್ರೀ," ಎಂದು ಗಡಬಡಿಸಿ ಹೇಳಿ ನನ್ನ ತೋಳು ಚಿವುಟಿದಳು.

ಗದ್ದೆಮ್ಮ ನಂಬಿದಳು. ನನ್ನ ತಲೆಯ ಮೇಲೆ ಕೈಯಿಟ್ಟಳು. "ಛಲೋ ಆತು. ಮದಿವಿ ಆದಮ್ಯಾಲ ನಮ್ಮನ್ಯಾಗೂ ಇಂಥದ್ದ ಒಂದು ಕಟ್ಟಸೋಣು. ನೀನ ಮುಂದ ನಿಂತು ಮಾಡಿಸು."

ಆ ಕೈ ಬಿಸಿಯಾಗಿತ್ತು. ಅಂಥ ಕೈಯ ಕೆಳಗೆ ನಿಂತು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ.

"ಅತ್ತಿ, ಓಣಿಯವರದು ಅಲ್ರಿ. ಗುಂಡಿಗೆ ನಮ್ಮ ಪಾಯಖಾನಿ ಪೈಪು ಕೂಡಿಸೀವ್ರಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸೂಗಪ್ಪನ ಬಾಯಲ್ಲಿ ಅರ್ಧ ಮಿರ್ಚಿ ಇತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣಲ್ಲಿ ನೀರು ತಂದುಕೊಂಡು ಕೂತ. ಗದ್ದೆಮ್ಮ, "ಶಿವಶಿವಾ! ನಾ ಉಂಡ್ನೆಲ್ಲೋ!" ಎಂದು ಬಾಯಿಗೆ ಸೆರಗು ಒತ್ತಿ ಹಿತ್ತಲಿಗೆ ಓಡಿದಳು. ಅಲ್ಲಿ ಎದುರಿಗೇ ಪಾಯಖಾನೆ ಕಂಡು ಅಷ್ಟೇ ಜೋರಾಗಿ ತಿರುಗಿ ಓಡಿಬಂದಳು.

ಮಾಳಿಂಗಪ್ಪ ಮಾತ್ರ ಅಲುಗಲಿಲ್ಲ. ತನ್ನ ಬಲಗೈ ನೋಡಿಕೊಂಡ. ನಿಧಾನವಾಗಿ ನನ್ನನ್ನು ನೋಡಿದ.

"ಹಂಗಾರ ಅವತ್ತು ನೀವು…" ಎಂದವನು ಅಲ್ಲಿಗೇ ನಿಲ್ಲಿಸಿದ. ಅವನ ಮುಖ ಬಾಡಿಹೋಯಿತು. ಎದ್ದು ತಾಯಿಯ ಹಿಂದೆ ನಡೆದ.

ಸುದ್ದಿ ಅವರ ಬಸ್ಸಿಗಿಂತ ಮೊದಲೇ ಊರು ದಾಟಿತು. ನಮ್ಮಲ್ಲಿಗೆ ಮಜ್ಜಿಗೆಗೆ ಬರುತ್ತಿದ್ದವರು ನಿಂತರು. ಅವ್ವ ನನ್ನ ಜೊತೆ ಮಾತು ಬಿಟ್ಟಳು. ಹೊಗೆಯಲ್ಲಿ ಕಣ್ಣು ಕಳಕೊಂಡರೆ ಯಾರೂ ಹೇಸುವುದಿಲ್ಲ, ಗದ್ದೆಯ ಬದುವಿನಲ್ಲಿ ಕತ್ತಲಾಗಲೆಂದು ಹೊಟ್ಟೆ ಹಿಡಿದು ಕಾದರೆ ಯಾರೂ ಹೇಸುವುದಿಲ್ಲ. ನನಗೆ ಇಡೀ ಊರಿನ ಮೇಲೆ ಸಿಟ್ಟು ಬಂತು. ಆದರೆ ಬಸ್ಸಿನ ಹಾರ್ನು ಕೇಳಿದಾಗೆಲ್ಲ ಸಿಟ್ಟು ಇಳಿದು ಬರೀ ಸಂಕಟ ಉಳಿಯುತ್ತಿತ್ತು.

ಅಂಥ ಒಂದು ಮುಂಜಾನೆ ಅವನು ಅಂಗಳದಲ್ಲಿ ನಿಂತಿದ್ದ. ಅಪ್ಪ ಹೊರಸಿನಿಂದ ಎದ್ದ. ಅವ್ವ ಬಾಗಿಲಿಗೆ ಬಂದಳು. ಬೈಯಲು ಬಂದಿದ್ದಾನೆ ಎಂದುಕೊಂಡೆ.

"ಒಂದು ತಂಬಿಗಿ ನೀರು ಕೊಡ್ರಿ," ಎಂದ.

ತಂದುಕೊಟ್ಟೆ. ಅವನು ಕುಡಿಯಲಿಲ್ಲ.

"ಕುಡಿಯಾಕ ಅಲ್ಲ. ನಿಮ್ಮ ಪಾಯಖಾನಿಗೆ ಹೋಗಬೇಕು."

ಅವ್ವ ತಲೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಸಿದಳು. ಹೆಣ್ಣು ನೋಡಿ ಬಿಟ್ಟುಹೋದ ಗಂಡು, ಅದೇ ಹೆಣ್ಣಿನ ಮನೆಗೆ ಬಂದು ಕೇಳುವ ಮಾತೇ ಇದು? ನಮ್ಮ ಕಡೆ ಅಳಿಯಂದಿರು ಸಹ ತಂಬಿಗೆ ಹಿಡಿದು ಕಾಲುವೆ ದಂಡೆಗೆ ಹೋಗುತ್ತಾರೆ. ಅಪ್ಪ ಬಾಯಿ ತೆರೆದವನು ಮುಚ್ಚಲೇ ಇಲ್ಲ. ನಾನೇ ಮುಂದೆ ನಡೆದು ತಗಡಿನ ಬಾಗಿಲು ತೋರಿಸಿದೆ.

"ಚಿಲಕ ಎಲ್ಲೈತಿ?"

"ಇಲ್ರಿ. ಒಳಗ ಹೋದೋರು ಕೆಮ್ಮತಾರ."

"ನನಗ ಕೆಮ್ಮು ಬರವಲ್ದು. ನೀನ ಬಾಗಲಾ ಹಿಡ್ಕೋ."

ಬೆನ್ನು ತಿರುಗಿಸಿ ಬಾಗಿಲು ಹಿಡಿದು ನಿಂತೆ. ಪ್ರೀತಿಸಿದವನಿಗೆ ಹೆಣ್ಣುಮಕ್ಕಳು ಏನೇನೋ ಮಾಡಿರಬಹುದು, ಇದನ್ನು ಮಾತ್ರ ಯಾರೂ ಮಾಡಿರಲಿಕ್ಕಿಲ್ಲ.

"ಕನಕಾ," ಒಳಗಿನಿಂದ ಅವನ ದನಿ. "ಅವ್ವ ಏನಂದ್ಲು ಗೊತ್ತೇನು? 'ಆ ಮನಿ ಪಾಯಖಾನಿಗೆ ನೀ ಹೋಗಿ ಬಾ. ಹೋಗಿ ಬಂದಿ ಅಂದ್ರ ಅಕಿನ್ನ ಮದಿವಿ ಮಾಡ್ಕೋ, ನಾ ಅಡ್ಡ ಬರಂಗಿಲ್ಲ' ಅಂದ್ಲು. ನಾ ಹೋಗಂಗಿಲ್ಲಂತ ತಿಳದಾಳ."

"ಅದಕ್ಕ ಬಂದ್ರೇನು?"

"ಅದಕ್ಕೂ ಬಂದೀನಿ. ಇನ್ನೊಂದು ಕೇಳೋದೈತಿ."

"ಅಲ್ಲಿಂದನ ಕೇಳ್ತೀರೇನು?"

"ನಿನ್ನ ಮಾರಿ ನೋಡಿದ್ರ ಕೇಳಾಕ ಆಗಂಗಿಲ್ಲ." ತಂಬಿಗೆ ಕೆಳಗಿಟ್ಟ ಸದ್ದಾಯಿತು. "ಅವತ್ತು ನೀ ಚೀರಿದ್ದು, ನೀರು ಹಾಕಿದ್ದು, ಎಲ್ಲಾ ನನ್ನ ಮ್ಯಾಲಿನ ಮನಸ್ಸಿಗೆ ಅಂತ ತಿಳಕೊಂಡಿದ್ನಿ. ಅಂಗಡ್ಯಾಗ ದಾವಲ್‌ಸಾಬ್‌ರ ಮುಂದ ಸೈತ ಹೇಳಕೊಂಡು ಕುಣದೀನಿ. ಹೊಲಸಿನ ಚಿಂತಿ ನನಗಿಲ್ಲ. ಕೈ ತೊಳದ್ರ ಹೋಕ್ಕೈತಿ ಅದು. ಆದ್ರ ಅವತ್ತಿಂದೆಲ್ಲಾ ಸುಳ್ಳೇನು? ನನ್ನ ಮ್ಯಾಲ ಮನಸ್ಸ ಇದ್ದಿಲ್ಲೇನು ನಿನಗ?"

ನಾನು ತಗಡಿಗೆ ಒರಗಿಕೊಂಡೆ. ಇಷ್ಟು ದಿನ ಅವನು ಹೇಸಿಕೊಂಡು ಹೋದನೆಂದು ಅತ್ತಿದ್ದೆ. ಅವನು ನೊಂದದ್ದು ಇದಕ್ಕೆ!

"ಚೀರಿದ್ದು ಹೊಲಸಿಗೇ ರೀ," ಎಂದೆ. "ಮೊದಲನೇ ಕೊಡ ಸುರುವಿದ್ದೂ ಅದಕ್ಕ. ಓಡಿಹೋಗಿ ಇನ್ನೊಂದು ತಂದ್ನೆಲ್ರಿ, ಅದು ಮಾತ್ರ ಅದಕ್ಕಲ್ಲ. ನೀವು ಇನ್ನೀಟು ಹೊತ್ತು ನಿಲ್ಲಲಿ ಅಂತ."

ತಗಡಿನ ಆ ಬದಿಗೆ ಬೆರಳು ಬಡಿದ ಸದ್ದು.

"ಇನ್ನೊಮ್ಮೆ ಹೇಳು."

"ಹೇಳಂಗಿಲ್ಲ. ಮೊದ್ಲ ಬಂದ ಕೆಲಸ ಮುಗಸ್ರಿ."

ಅವನು ಜೋರಾಗಿ ನಕ್ಕ. ತಗಡು ಅದುರಿತು. ನನ್ನ ಬೆನ್ನಿಗೂ ಆ ನಗು ಹತ್ತಿತು.

ಹೊರಗೆ ಬಂದವನು ಬಾವಿಕಟ್ಟೆಯಲ್ಲಿ ತಾನೇ ಕೈಕಾಲು ತೊಳೆದುಕೊಂಡು, ಅಪ್ಪ ಅವ್ವ ದಂಗುಬಡಿದು ನೋಡುತ್ತಿದ್ದರೂ ಲೆಕ್ಕಿಸದೆ ಬಾಗಿಲನ್ನು ಮುಟ್ಟಿ ಮುಟ್ಟಿ ನೋಡಿದ.

"ಇದಕ್ಕ ಒಂದು ಚಿಲಕ ಬಡೀಬೇಕ್ರಿ ಯಜಮಾನ್ರ. ಮದಿವಿಗೆ ನಮ್ಮ ಮಂದಿ ಬರ್ತಾರಲ್ಲ, ಒಬ್ಬೊಬ್ಬರಿಗೂ ಕನಕಾ ಬಾಗಲಾ ಹಿಡಿಯಾಕ ಆಕ್ಕೈತೇನು?"

ಮದುವೆ ಎಂಬ ಮಾತು ಹೀಗೆ ಬಂದೀತೆಂದು ಯಾರು ಎಣಿಸಿದ್ದರು? ಅಪ್ಪ ಹೊರಸಿನ ಮೇಲೆ ಧೊಪ್ಪನೆ ಕೂತ. ಅವ್ವ ಗಾಬರಿಯಲ್ಲೇ ಕೇಳಿದಳು, "ಗುರುಗುಂಟಾದಿಂದ ಅಷ್ಟು ಮಂದಿ ಬಂದ್ರ ಅಡಿಗಿಗೆ ಗ್ಯಾಸು ಸಾಲ್ತೈತೇನಪ್ಪ?"

ಅವನು ನನ್ನ ಕಡೆ ನೋಡಲಿಲ್ಲ. ಮೀಸೆ ಮಾತ್ರ ಒಂದು ಬದಿಗೆ ಏರಿತು.

"ಎಲ್ಲಾರೂ ಇಲ್ಲೇ ಹೋಗಿಬಂದ್ರ ಸಾಲ್ತೈತ್ರಿ ಅತ್ತಿ."

ಅತ್ತಿ ಎಂಬ ಮಾತಿಗೆ ಅವ್ವ ಬೆಚ್ಚಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಪ್ಪ ಹೊಟ್ಟೆ ಹಿಡಿದು ನಗತೊಡಗಿದ. ನನಗೆ ಮಾತ್ರ ಎಲ್ಲರೆದುರಿಗೇ ಅಳು ಬಂತು.