ಬಾಜೂಕಿನ ಖುರ್ಚಿ

“ತ್ರಿಶಲಾ, ನಮ್ಮಿಬ್ಬರ ಫೋಟೋ ಎಂದೂ ಕಂಪ್ಯೂಟರದಾಗ ಜೋಡಸೂದು ಬ್ಯಾಡ. ಬಾಜೂ-ಬಾಜೂ ಕುಂತ ತೆಗಸೂನು. ಅಲ್ಲೀತನಕ ನಾ ಯಾರ ಬಾಜೂಕೂ ಫೋಟೋಕ್ಕ ಕುಂದ್ರಂಗಿಲ್ಲ. ಇದು ನನ್ನ ಮಾತು!”

ಗೋಕಾಕದ ತನ್ನ ಸ್ಟುಡಿಯೋದಲ್ಲಿ ಧನ್ಯಕುಮಾರ ಹೀಗೆ ಮಾತು ಕೊಟ್ಟಾಗ ತ್ರಿಶಲಾ ನಕ್ಕಿದ್ದಳು. ನಗದೆ ಏನು ಮಾಡಿಯಾಳು? ಅವರ ಪರಿಚಯ ಶುರುವಾದದ್ದೇ ಜಗಳದಿಂದ!

ತೊಂಬತ್ತೈದರಲ್ಲಿ ಕೊಣ್ಣೂರಿನಿಂದ ತಾಯಿ ಕಮಲವ್ವನನ್ನು ಕರೆದುಕೊಂಡು ಅವಳು ಅಲ್ಲಿಗೆ ಬಂದಿದ್ದಳು. ತಂದೆ ತೀರಿಹೋಗಿದ್ದರು. ಗಂಡ-ಹೆಂಡತಿ ಕೂಡಿ ತೆಗೆಸಿದ ಒಂದೇ ಒಂದು ಫೋಟೋ ಮನೆಯಲ್ಲಿರಲಿಲ್ಲ. ಅಂಥವರಿಗೆಲ್ಲ ಧನ್ಯಕುಮಾರನ ಕಂಪ್ಯೂಟರೇ ದಿಕ್ಕು. ಹಳೆಯ ಫೋಟೋದಿಂದ ಸತ್ತವರ ಮುಖ ಬಿಡಿಸಿ, ಬದುಕಿದ್ದವರ ಪಕ್ಕದಲ್ಲಿ ಕೂಡಿಸಿ ಕೊಡುತ್ತಿದ್ದ.

ತಯಾರಾದ ಫೋಟೋ ನೋಡಿ ತ್ರಿಶಲಾ ಕೆಂಡವಾದಳು.

“ಏನ್ರಿ ಇದು? ನಮ್ಮಪ್ಪಗ ಕೋಟ ಯಾಕ ಹಾಕೀರಿ?”

“ಎಲ್ಲಾರಿಗೂ ಹಾಕ್ತೇವ್ರಿ. ಚಂದ ಕಾಣ್ತೈತಿ.”

“ಜೀವಮಾನದಾಗ ಕೋಟ ಮುಟ್ಟಿದಾಂವಲ್ರಿ ನಮ್ಮಪ್ಪ! ಸತ್ತ ಮ್ಯಾಲ ಸಾಹೇಬ ಆಗಬೇಕೇನ್ರಿ? ತಗೀರಿ ಮೊದಲ!”

ಕಮಲವ್ವ ಮಾತ್ರ ಫೋಟೋ ಸವರುತ್ತ, “ಇರಲಿ ಬಿಡ ಯವ್ವಾ... ಬಾಜೂಕ ಕುಂತಾನಲ್ಲ, ಸಾಕು” ಎಂದಳು.

ಧನ್ಯಕುಮಾರನ ಮುಖ ಸಣ್ಣದಾಯಿತು. ವಾರವಿಡೀ ಕೂತು ಕೋಟು ಅಳಿಸಿ, ಬಿಳಿ ಅಂಗಿ, ರುಮಾಲು ಬಿಡಿಸಿದ. ಆ ರುಮಾಲು ನೋಡಿಯೇ ತ್ರಿಶಲಾ ಸೋತಳು... ಮುಂದೆ ಅದೇ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಅವನು ಆ ಮಾತು ಕೊಟ್ಟದ್ದು ಆ ದಿನಗಳಲ್ಲೇ.

ಫೋಟೋಸ್ಟೈಲರ್ ಎಂದು ಆ ಪ್ರೋಗ್ರಾಮಿನ ಹೆಸರು. ಅದರ ಸಲುವಾಗಿ ಮೂಡಲಗಿ, ಹುಕ್ಕೇರಿಯಿಂದ ಜನ ಬಸ್ಸು ಹಿಡಿದು ಬರುತ್ತಿದ್ದರು. ಆದರೆ ಗೋಕಾಕದಲ್ಲಿ ಅದರ ಸುಗ್ಗಿ ನಡೆದಾಗ ಹೊರದೇಶದಲ್ಲಿ ಅದನ್ನು ಮಣ್ಣು ಮಾಡಿ ಆಗಿತ್ತು! ಮಾಡಿದ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡು, ಇದನ್ನು ನಿಲ್ಲಿಸಿ ತನ್ನ ಪ್ರೋಗ್ರಾಮನ್ನಷ್ಟೇ ಉಳಿಸಿಕೊಂಡಿತ್ತು.

ಆ ಉಳಿದ ಪ್ರೋಗ್ರಾಮು ಹುಕ್ಕೇರಿಯ ಒಂದು ಸ್ಟುಡಿಯೋಕ್ಕೂ ಬಂತು. ಅದರಲ್ಲಿ ಗಂಡ ಒಂದು ಪದರ, ಹೆಂಡತಿ ಒಂದು ಪದರ. ಬೇಕೆಂದಾಗ ಸರಿಸಬಹುದು, ಬೇಡವೆಂದಾಗ ಅಳಿಸಬಹುದು. ಹಳೆಯದರಲ್ಲಿ ಒಮ್ಮೆ ಅಂಟಿಸಿದರೆ ಮುಗಿಯಿತು, ಮತ್ತೆ ಬಿಡಿಸಲಾಗದು.

“ಹೊಸಾದು ಕಲೀರಿ. ಗಿರಾಕಿ ಎಲ್ಲಾ ಅತ್ಲಾಗ ಹೊಂಟಾರ” ಎಂದಳು ತ್ರಿಶಲಾ.

“ಬಿಡಸಾಕ ಬಂದ್ರ ಅದೆಂಥಾ ಜೋಡಿ? ನನಗ ಬ್ಯಾಡ.”

‘ಈ ಹಟಮಾರಿಗೆ ನಾನೇ ಕಲಿತು ಬಂದು ಕಲಿಸುತ್ತೇನೆ...’ ಹೇಳಿದರೆ ಅವನು ಹೋಗಲು ಬಿಡುವವನಲ್ಲ. ಹೇಳದೆಯೇ ತ್ರಿಶಲಾ ಹುಕ್ಕೇರಿಯ ಆ ಸ್ಟುಡಿಯೋ ಸೇರಿದಳು.

ಎಂಟು ದಿನ ಕಳೆಯುವಷ್ಟರಲ್ಲಿ ಅವನು ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತು, “ಅಂಗಡಿ ಮುಳಗೂದು ನೋಡಿ ಹಾರಿದಿ. ಶಾಣ್ಯಾಕಿ!” ಎಂದ.

‘ಇಷ್ಟೇನಾ ನನ್ನ ಮೇಲಿನ ನಂಬಿಕೆ?’ ಬಾಯಿಗೆ ಬಂದ ಉತ್ತರವನ್ನು ತ್ರಿಶಲಾ ನುಂಗಿಬಿಟ್ಟಳು. ಅವನು ತಿರುಗಿ ನೋಡದೆ ಹೋದ.

ಮರುವರ್ಷ ಧನ್ಯಕುಮಾರನ ಲಗ್ನವಾಯಿತು. ಸ್ಟುಡಿಯೋಕ್ಕೆ ಬೀಗ ಬಿತ್ತು. ಮೂಡಲಗಿಯಲ್ಲಿ ಫೋಟೋಗಳಿಗೆ ಗಾಜು, ಕಟ್ಟು ಹಾಕುವ ಅಂಗಡಿ ಇಟ್ಟನಂತೆ. ತ್ರಿಶಲಾ ಯಾವ ಗಂಡಿಗೂ ಒಪ್ಪಲಿಲ್ಲ.

ಎರಡು ಸಾವಿರದ ಐದು. ಹುಕ್ಕೇರಿಯ ಆ ಸ್ಟುಡಿಯೋ ಈಗ ಅವಳದೇ. ಒಂದು ಮಧ್ಯಾಹ್ನ ಧನ್ಯಕುಮಾರ ಒಳಗೆ ಬಂದು ಮೇಜಿನ ಮೇಲೆ ಒಬ್ಬ ಹೆಂಗಸಿನ ಫೋಟೋ ಇಟ್ಟ.

“ನನ್ನ ಹೆಂಡ್ತಿ, ಪ್ರಣಿತಾ. ಹ್ವಾದ್ಲು... ಅಪ್ಪ-ಅವ್ವ ಕೂಡಿದ್ದ ಫೋಟೋ ಬೇಕಂತ ಮಗಳು ಕೇಳಾಕತ್ತಾಳ.”

“ಊರ ಮಂದೀನೆಲ್ಲಾ ಜೋಡಿಸಿದಾಂವ್ರು ನೀವು... ನಿಮ್ಮದ ಒಂದೂ ಇಲ್ಲೇನ್ರಿ?”

“ಲಗ್ನದಾಗೂ ತೆಗಸಲಿಲ್ಲ. ಹಬ್ಬ ಬಂದಾಗೊಮ್ಮೆ ಕೇಳ್ತಿದ್ಲು. ನಿನಗ ಮಾತು ಕೊಟ್ಟಿದ್ನಲ್ಲ...”

ಕಪಾಳಕ್ಕೆ ಹೊಡೆದಂತಾಯಿತು ತ್ರಿಶಲಾಳಿಗೆ. ಆ ಮಾತಿನ ಆಸೆಯ ಮೇಲೆ ಅವಳು ಇಷ್ಟು ವರ್ಷ ಬದುಕಿದ್ದಳು. ಅದೇ ಮಾತು ಇನ್ನೊಬ್ಬಳನ್ನು ಒಣಗಿಸಿತ್ತು!

“ನಾ ಇಲ್ಲಿಗೆ ಬಂದದ್ದು ಕಲಿಯಾಕ್ರಿ... ಕಲ್ತು ನಿಮಗ ಕಲಸಾಕ.”

“ಅವತ್ತ ಯಾಕ ಹೇಳಲಿಲ್ಲ?”

“ನೀವು ಕೇಳಾಕ ಬಂದಿರ್ಲಿಲ್ಲ. ಬೈಯಾಕ ಬಂದಿದ್ರಿ.”

ಅವನು ಮುಖ ಮುಚ್ಚಿಕೊಂಡ. ಅವಳು ಎರಡು ಖುರ್ಚಿ ಹಾಕಿ, ಒಂದರ ಮೇಲೆ ಅವನನ್ನು ಕೂಡಿಸಿ ಕ್ಯಾಮೆರಾ ಹಿಡಿದಳು.

“ತ್ರಿಶಲಾ... ಬಾಜೂಕ ಒಂದ ಸಲ ನೀ ಕುಂದ್ರು. ನನ್ನ ಮಾತರ ಉಳೀಲಿ.”

ಎರಡೇ ಹೆಜ್ಜೆ ದೂರ. ಕಾಲುಗಳು ತಾವಾಗಿಯೇ ಮುಂದಾದವು... ಅವಳು ಅವನ್ನು ಹಿಂದಕ್ಕೆಳೆದುಕೊಂಡಳು.

“ಅದು ಅಕೀ ಖುರ್ಚಿರಿ.”

ಫೋಟೋ ತೆಗೆದು, ಪರದೆಯ ಮೇಲೆ ಪ್ರಣಿತಾಳನ್ನು ತಂದು ಕೂಡಿಸಿದಳು.

“ಯಾವ ಸೀರಿ ಉಡ್ತಿದ್ರು?”

“ಹಸರ ಇಳಕಲ್ಲ.” ಅವನು ಪರದೆಯ ಹತ್ತಿರ ಬಾಗಿದ. “ಬಿಡಸಾಕ ಬರದಂಗ ಮಾಡು, ತ್ರಿಶಲಾ.”

ಅವಳು ಆ ಸೀರೆ ಉಡಿಸಿ, ಪದರಗಳನ್ನೆಲ್ಲ ಒಂದು ಮಾಡಿದಳು. “ಮಾಡೇನ್ರಿ. ಇನ್ನ ಯಾರಿಗೂ ಬಿಡಸಾಕ ಬರಂಗಿಲ್ಲ.”

ಫೋಟೋ ಹಿಡಿದು ಬಾಗಿಲ ತನಕ ಹೋದವನು ತಿರುಗಿದ.

“ಉಂಡಿಯೇನ ನೀ?”

“ಉಂಡೇನ್ರಿ. ನೀವು ಹುಷಾರಾಗಿ ಹೋಗ್ರಿ, ಮಗಳು ದಾರಿ ನೋಡ್ತಿರ್ತಾಳ.”

ಅವಳು ಉಂಡಿರಲಿಲ್ಲ.

ಅವರಿಬ್ಬರೂ ಬಾಜೂ-ಬಾಜೂ ಕೂತು ಫೋಟೋ ತೆಗೆಸಲಿಲ್ಲ. ಕೊಟ್ಟ ಮಾತು ನಡೆಯಲಿಲ್ಲ.